ಬೋರ್ಡಕ್ಕನ ಮಗಳ ಎಡಗಣ್ಣು

ಆ ಮೆಡಿಕಲ್ ಕಾಲೇಜು ಆಸ್ಪತ್ರೆಯ ಕಣ್ಣಿನ ವಿಭಾಗಕ್ಕೆ ಬಂದವರು ಡಾಕ್ಟರ ಮುಖ ನೋಡುವುದಕ್ಕೆ ಮೊದಲು ಬೋರ್ಡಕ್ಕನ ಮುಖ ನೋಡಬೇಕಿತ್ತು. ಎಷ್ಟೇ ದೊಡ್ಡ ಮನುಷ್ಯನಿರಲಿ, ಎಷ್ಟೇ ಅವಸರವಿರಲಿ, ಮೊದಲು ಆ ಉದ್ದನೆಯ ಕೋಣೆಯ ಈ ತುದಿಯ ಸ್ಟೂಲಿನ ಮೇಲೆ ಕೂತು, ಆ ತುದಿಯ ಗೋಡೆಯಲ್ಲಿ ಒಳಗಿನಿಂದ ಬೆಳಗುತ್ತಿದ್ದ ಅಕ್ಷರದ ಬೋರ್ಡನ್ನು ಒಂದೊಂದೇ ಕಣ್ಣಲ್ಲಿ ಓದಿ ಒಪ್ಪಿಸಬೇಕು. ಮೇಲೆ ಒಂದೇ ಒಂದು ದೊಡ್ಡ ಅಕ್ಷರ. ಕೆಳಗಿಳಿದಂತೆ ಸಾಲುಗಳು ಸಣ್ಣಗಾಗುತ್ತ, ಕೊನೆಯ ಸಾಲು ಇರುವೆ ಸಾಲಿನಷ್ಟಾಗುತ್ತಿತ್ತು. ಬೋರ್ಡಿನ ಪಕ್ಕದಲ್ಲಿ ಕೋಲು ಹಿಡಿದು ನಿಂತವಳೇ ಬೋರ್ಡಕ್ಕ. ಅಪ್ಪ ಅಮ್ಮ ಇಟ್ಟ ಹೆಸರನ್ನು ಆಸ್ಪತ್ರೆಯಲ್ಲಿ ಎಲ್ಲರೂ ಮರೆತಿದ್ದರು. ಮನೆಯಲ್ಲಿ ಅತ್ತೆ ಕೂಡ ಕೋಪ ಬಂದಾಗ "ನಿಮ್ಮ ಬೋರ್ಡಕ್ಕನ್ನೇ ಕೇಳು" ಎಂದು ಮಗನಿಗೆ ಹೇಳುತ್ತಿದ್ದರು.

ಬೋರ್ಡಕ್ಕನ ಕಣ್ಣು ತಪ್ಪಿಸಿ ಕಾಣದ್ದನ್ನು ಓದಿಬಿಡುವುದು ಸುಲಭವಾಗಿರಲಿಲ್ಲ. ಲೈಸೆನ್ಸಿಗೆ ಕಣ್ಣಿನ ಚೀಟಿ ಬೇಕಿದ್ದ ಲಾರಿ ಓಡಿಸುವವರು ಬೆಂಚಿನ ಮೇಲೆ ಸರದಿ ಕಾಯುತ್ತಲೇ ಮುಂದಿನವರು ಓದುವುದನ್ನು ಕೇಳಿಸಿಕೊಂಡು ಬಾಯಿಪಾಠ ಮಾಡಿಕೊಳ್ಳುತ್ತಿದ್ದರು.

"ಅಣ್ಣಾ, ನಾನಿನ್ನೂ ಕೋಲೇ ಇಟ್ಟಿಲ್ಲ, ನೀವಾಗಲೇ ಮೂರನೇ ಸಾಲಿಗೆ ಹೊರಟುಬಿಟ್ರಲ್ಲ! ಸ್ವಲ್ಪ ಬ್ರೇಕ್ ಹಾಕಿ."

"ಕಾಣ್ತಾ ಇದೆ ತಾಯಿ, ಅದಕ್ಕೇ ಓದ್ತಿದ್ದೀನಿ."

"ಹೌದಾ? ಹಾಗಾದ್ರೆ ಹಿಂದಿನಿಂದ ಬನ್ನಿ. ರಿವರ್ಸ್ ಗೇರು."

ಬೆಂಚಿನ ಮೇಲಿದ್ದವರೆಲ್ಲ ಗೊಳ್ಳೆಂದು ನಗುತ್ತಿದ್ದರು. ಚಾಲಕ ಮುಖ ಸಣ್ಣಗೆ ಮಾಡಿಕೊಂಡು ಕೂತಾಗ ಬೋರ್ಡಕ್ಕ ಹತ್ತಿರ ಬಂದು ದನಿ ತಗ್ಗಿಸಿ, "ಪೊರೆ ಬಂದಿರಬೇಕು ಅಣ್ಣ, ತೆಗೆದ್ರೆ ಹೋಗುತ್ತೆ. ಮುಚ್ಚಿಟ್ಟರೆ ಯಾರನ್ನ ಗುದ್ದುತ್ತೀರೋ ಏನೋ," ಎಂದು ಬೆನ್ನು ತಟ್ಟಿ ಒಳಗೆ ಕಳಿಸುತ್ತಿದ್ದಳು. ಪ್ರತಿ ವರ್ಷ ಹೊಸದಾಗಿ ಬರುವ ಎಳೆಯ ಡಾಕ್ಟರುಗಳು ಮೊದಲು ಅವಳ ಪಕ್ಕದಲ್ಲಿ ನಿಂತು ದೃಷ್ಟಿ ಅಳೆಯುವುದನ್ನು ಕಲಿಯುತ್ತಿದ್ದರು. ಅಕ್ಕ ಅಕ್ಕ ಎಂದು ಅವಳ ಡಬ್ಬಿಯ ಊಟಕ್ಕೂ ಕೈ ಹಾಕುತ್ತಿದ್ದರು.

ಅವಳ ಗಂಡನ ಕೆಲಸವೂ ಅದೇ ಕಟ್ಟಡದಲ್ಲಿ, ನೆಲಮಾಳಿಗೆಯ ಕನ್ನಡಕದ ಕೋಣೆಯಲ್ಲಿ. ದಿನವಿಡೀ ಗಾಜು ಉಜ್ಜಿ ಉಜ್ಜಿ ಅವನ ಉಗುರಿನ ಸಂದಿಯಲ್ಲಿ ಯಾವಾಗಲೂ ಬಿಳಿ ಪುಡಿ. ಮಗಳು ಹುಟ್ಟಿದಾಗ ಮನೆಯಲ್ಲಿ ನೋಡಿಕೊಳ್ಳುವವರು ಇರಲಿಲ್ಲ. ಅತ್ತೆ ಆಗ ದೊಡ್ಡ ಮಗನ ಮನೆಯಲ್ಲಿದ್ದರು. ಹಾಗಾಗಿ ಕೂಸು ಬೋರ್ಡಕ್ಕನ ಮೇಜಿನ ಕೆಳಗೆ ಮಡಚಿದ ಹೊದಿಕೆಯ ಮೇಲೆ ಮಲಗಿಯೇ ಬೆಳೆಯಿತು. ಅಲ್ಲೇ ಹಾಲು, ಅಲ್ಲೇ ನಿದ್ದೆ, ಅಲ್ಲೇ ಮೊದಲ ಹೆಜ್ಜೆ. ಕಣ್ಣು ಬಿಟ್ಟರೆ ಎದುರಿಗೆ ಆ ಬೆಳಗುವ ಬೋರ್ಡು. ಬೇರೆ ಮಕ್ಕಳು ಸ್ಲೇಟಿನ ಮೇಲೆ ಕಲಿಯುವುದನ್ನು ಇವಳು ಬೋರ್ಡಿನ ಹತ್ತಿರ ನಿಂತು, ಅಮ್ಮನ ಕೋಲು ಹೋದ ಕಡೆಯೆಲ್ಲ ಬೆರಳಿಟ್ಟು ಕಲಿತಳು. ಮಾತು ತೊದಲುವಾಗಲೇ ಮೇಲಿನಿಂದ ಕೆಳಕ್ಕೆ, ಬಲದಿಂದ ಎಡಕ್ಕೆ, ಹೇಗೆ ಕೇಳಿದರೂ ಹೇಳುತ್ತಿದ್ದಳು. ಓದು ಬಾರದ ರೋಗಿಗಳಿಗೆಂದು ಪಕ್ಕದಲ್ಲಿ ಇನ್ನೊಂದು ಬೋರ್ಡಿತ್ತು: ಅಕ್ಷರವಿಲ್ಲ, ಮೂರು ಕಾಲಿನ ಒಂದೇ ಗುರುತು, ಕಾಲು ಯಾವ ಕಡೆಗಿದೆಯೋ ಕೈಯಲ್ಲಿ ತೋರಿಸಿದರೆ ಸಾಕು. ಅದರ ಮುಂದೆ ಕೂರಿಸಲು ಹೋದರೆ ಮಗಳು ಮೂತಿ ಊದಿಸುತ್ತಿದ್ದಳು.

"ಅದು ಓದೋಕೆ ಬರದೇ ಇರೋರಿಗೆ. ನಂಗೆ ಬರುತ್ತೆ."

"ಬರುತ್ತಮ್ಮಾ, ನಿಂಗೆ ಬರದೇ ಇರೋದು ಏನಿದೆ!" ಎಂದು ಡಾಕ್ಟರುಗಳು ಅವಳನ್ನು ಎತ್ತಿ ಸ್ಟೂಲಿನ ಮೇಲೆ ಕೂರಿಸುತ್ತಿದ್ದರು. ಬಲಗಣ್ಣು ಮುಚ್ಚಿದರೂ ಎಡಗಣ್ಣು ಮುಚ್ಚಿದರೂ ಕೊನೆಯ ಸಾಲಿನವರೆಗೆ ಒಂದೇ ಉಸಿರು. ಅವಳಿಗೆ 'ಕೊನೇಸಾಲು' ಎಂದೇ ಹೆಸರು ಬಿತ್ತು. ಬೋರ್ಡಕ್ಕ ಹಿಗ್ಗಿ ಹೀರೇಕಾಯಿ. ಮುಂದೆ ಮಗಳು ಸೇರಿದ ಶಾಲೆಯಲ್ಲಿ ಆಸ್ಪತ್ರೆಯವರು ಕಣ್ಣಿನ ತಪಾಸಣೆ ಇಟ್ಟಾಗಲೂ ಹೋಗಿದ್ದು ಬೋರ್ಡಕ್ಕನೇ. ಅಲ್ಲಿ ಗೋಡೆಗೆ ತೂಗುಹಾಕಿದ್ದು ಅದೇ ಬೋರ್ಡಿನ ಮಡಚುವ ಪ್ರತಿ. ಹೇಗೆ ಓದಬೇಕೆಂದು ಉಳಿದ ಮಕ್ಕಳಿಗೆ ತೋರಿಸಲು ಮೊದಲು ನಿಲ್ಲಿಸಿದ್ದು ತನ್ನ ಮಗಳನ್ನೇ.

ಮಗಳು ಆರನೇ ಕ್ಲಾಸಿಗೆ ಬಂದ ವರ್ಷ ಆಸ್ಪತ್ರೆಯ ಮೂರನೇ ಮಹಡಿಯಲ್ಲಿ ಸಂಶೋಧನೆಯ ಕೋಣೆ ಶುರುವಾಯಿತು. ಮಕ್ಕಳ ಕಣ್ಣಿನ ದೊಡ್ಡ ಡಾಕ್ಟರು, ಎಲ್ಲರ ಬಾಯಲ್ಲಿ ಬರೀ 'ಮೇಡಂ', ಅದಕ್ಕಾಗಿ ವರ್ಷಗಟ್ಟಲೆ ಓಡಾಡಿದ್ದರು. ಮಕ್ಕಳಲ್ಲಿ ಸೋಮಾರಿ ಕಣ್ಣನ್ನು, ಅಂದರೆ ನೋಡುವುದನ್ನೇ ಕಲಿಯದೆ ಉಳಿದ ಕಣ್ಣನ್ನು, ಬೇಗ ಪತ್ತೆ ಮಾಡುವುದು ಹೇಗೆಂದು ಅಲ್ಲಿ ಅಧ್ಯಯನ. ಅಲ್ಲಿಗೊಂದು ಹೊಸ ಪರದೆ ಬಂತು. ಅದಕ್ಕೆ ಕೋಲು ಬೇಡ. ಗುಂಡಿ ಒತ್ತಿದರೆ ಒಂದೊಂದೇ ಸಾಲು ಮೂಡುತ್ತದೆ, ಪ್ರತಿಸಲವೂ ಬೇರೆ ಅಕ್ಷರ. ಅದನ್ನು ನೋಡಿಕೊಳ್ಳುವ ಕೆಲಸ ತರಬೇತಿಗೆ ಬಂದಿದ್ದ ಎಳೆಯ ಡಾಕ್ಟರನದು. ಬಾಗಿಲಿಗೆ ತಲೆ ತಗ್ಗಿಸಿಯೇ ಒಳಬರುತ್ತಿದ್ದ ಅವನನ್ನು ಎಲ್ಲರೂ ಉದ್ದ ಡಾಕ್ಟರು ಎನ್ನುತ್ತಿದ್ದರು.

"ಅಕ್ಕಾ, ಪರದೆ ಸರಿಯಾಗಿದೆಯಾ ಅಂತ ನೋಡ್ಬೇಕು. ಕಣ್ಣು ಚೆನ್ನಾಗಿರೋ ಒಂದು ಮಗು ಬೇಕಿತ್ತು," ಎಂದ ಅವನು.

"ಚೆನ್ನಾಗಿರೋ ಕಣ್ಣಿಗೆ ಊರೆಲ್ಲ ಯಾಕೆ ಹುಡುಕ್ತೀರಿ ಡಾಕ್ಟ್ರೇ? ಶಾಲೆ ಬಿಟ್ಟ ಮೇಲೆ ನಮ್ಮ ಕೊನೇಸಾಲನ್ನೇ ಕರ್ಕೊಂಡು ಬರ್ತೀನಿ," ಎಂದಳು ಬೋರ್ಡಕ್ಕ.

ಹುಡುಗಿ ಬ್ಯಾಗನ್ನೂ ಇಳಿಸದೆ ಕುರ್ಚಿಯಲ್ಲಿ ಕೂತಳು. ಎಡಗಣ್ಣು ಮುಚ್ಚಿ ಬಲಗಣ್ಣಲ್ಲಿ ಪರದೆಯ ಮೇಲೆ ಬಂದದ್ದನ್ನೆಲ್ಲ ಪಟಪಟ ಓದಿದಳು. ಉದ್ದ ಡಾಕ್ಟರು "ಭೇಷ್" ಎಂದು ಪರದೆಯನ್ನು ಮತ್ತೆ ಮೊದಲಿಗೆ ತಂದ. ದೊಡ್ಡದಾಗಿ 'ಬ' ಮೂಡಿತು. ಹುಡುಗಿ ಬಲಗಣ್ಣು ಮುಚ್ಚಿಕೊಂಡಳು.

"ಗ," ಎಂದಳು.

"ಏನು ಪುಟ್ಟಾ?"

"ಗ. ಆಮೇಲೆ ರ, ಟ. ಆಮೇಲೆ ಲ, ನ, ಅ..."

ಪರದೆಯ ಮೇಲೆ ಇನ್ನೂ ಅದೇ ಒಂದು 'ಬ' ಇತ್ತು. ಉದ್ದ ಡಾಕ್ಟರು ಗುಂಡಿಯನ್ನು ಮುಟ್ಟಿಯೇ ಇರಲಿಲ್ಲ. ಅವನು ಜೋರಾಗಿ ನಕ್ಕ. "ನೋಡಿ ಅಕ್ಕ ನಿಮ್ಮ ಮಗಳ ತುಂಟಾಟ! ಕೆಳಗಿನ ಬೋರ್ಡು ಒಪ್ಪಿಸ್ತಾ ಇದ್ದಾಳೆ."

ಬೋರ್ಡಕ್ಕ ನಗಲಿಲ್ಲ. ಮಗಳ ಮುಖದಲ್ಲಿ ತುಂಟತನವಿರಲಿಲ್ಲ. ದಿನವೂ ಮಾಡುವ ಕೆಲಸವನ್ನು ಸರಿಯಾಗಿ ಮಾಡುತ್ತಿರುವವಳ ಮುಖ ಅದು. ಬೋರ್ಡಕ್ಕ ಹೋಗಿ ಅವಳ ಮುಂದೆ ಕೂತು, ಎರಡು ಬೆರಳು ಎತ್ತಿ ಹಿಡಿದಳು.

"ಎಷ್ಟು ಮರಿ?"

"ಅಮ್ಮಾ, ಹತ್ತಿರ ತಾ."

ಅಷ್ಟು ವರ್ಷ ಹುಡುಗಿ ಎಡಗಣ್ಣಲ್ಲಿ ಕಂಡದ್ದು ಬೆಳಕಿನ ಒಂದು ಚೌಕ ಮತ್ತು ಅದರ ಮೇಲೆ ಓಡಾಡುವ ಕೋಲಿನ ಕಪ್ಪು ನೆರಳು ಅಷ್ಟೇ. ಕೋಲು ಎಲ್ಲಿದೆ ಎಂದು ತಿಳಿದರೆ ಅಲ್ಲಿ ಯಾವ ಅಕ್ಷರವಿದೆ ಎಂಬುದು ಅವಳಿಗೆ ತನ್ನ ಮನೆಯ ಬಾಗಿಲಷ್ಟೇ ಗೊತ್ತು. ಮುಂದಿನಿಂದ ಕೇಳಿದರೂ ಹಿಂದಿನಿಂದ ಕೇಳಿದರೂ ಗೊತ್ತು. ಲಾರಿಯವರನ್ನು ಹಿಡಿಯುವ ರಿವರ್ಸ್ ಗೇರಿಗೂ ಅವಳು ಸಿಕ್ಕಿರಲಿಲ್ಲ.

"ಕಾಣಲ್ಲ ಅಂತ ಯಾಕೆ ಹೇಳ್ಲಿಲ್ಲ ಮರಿ?"

"ನೀನು ಕಾಣುತ್ತಾ ಅಂತ ಕೇಳ್ಲೇ ಇಲ್ಲ. ಬೋರ್ಡಲ್ಲಿ ಏನಿದೆ ಅಂತ ಕೇಳ್ದೆ, ನಾನು ಹೇಳ್ದೆ." ಹುಡುಗಿಗೆ ಅಳು ಬರುವಂತಾಗಿತ್ತು. "ಎಡಗೈಯಲ್ಲಿ ಬರೆಯೋಕಾಗಲ್ಲ ಅಲ್ವಾ? ಹಾಗೇ ಎಡಗಣ್ಣಲ್ಲಿ ಓದೋಕಾಗಲ್ಲ ಅಂದ್ಕೊಂಡಿದ್ದೆ. ಎಲ್ಲರಿಗೂ ಹಾಗೇ ಅಲ್ವಾ?"

ಮರುದಿನ ಮೇಡಂ ಹುಡುಗಿಯ ಕಣ್ಣಿಗೆ ಹನಿ ಹಾಕಿಸಿ, ಪಾಪೆ ಅಗಲವಾದ ಮೇಲೆ ಕತ್ತಲೆ ಕೋಣೆಯಲ್ಲಿ ಕೂರಿಸಿ ಬೆಳಕಿನ ಗೆರೆ ಆಡಿಸಿ ನೋಡಿದರು. ಒಂದಾದ ಮೇಲೆ ಒಂದು ಗಾಜು ಹಿಡಿದು ನೋಡಿದರು. ಅವರ ಕೈಯಲ್ಲಿದ್ದ ಗಾಜು ದಪ್ಪಗಾಗುತ್ತ ಹೋದಂತೆಲ್ಲ ಬೋರ್ಡಕ್ಕ ಮನಸ್ಸಿನಲ್ಲೇ ನಂಬರು ಎಣಿಸುತ್ತ ಹೋದಳು.

"ಕಣ್ಣಿಗೆ ರೋಗ ಏನೂ ಇಲ್ಲಮ್ಮ," ಎಂದರು ಮೇಡಂ ದೀಪ ಹಾಕಿ. "ಎಡಗಣ್ಣಿಗೆ ಹುಟ್ಟಿನಿಂದ ನಂಬರು ಜಾಸ್ತಿ. ಮಸುಕು ಚಿತ್ರ ನೋಡಿ ನೋಡಿ ಮಿದುಳು ಆ ಕಣ್ಣಿನ ಮಾತು ಕೇಳೋದನ್ನೇ ಬಿಟ್ಟಿದೆ. ನಿಂಗೆ ನಾನು ಹೇಳೋದೇನಿದೆ..."

ಹೇಳುವುದು ಏನೂ ಇರಲಿಲ್ಲ. ಸ್ವಲ್ಪ ಮುಂಚೆ ಕರೆದುಕೊಂಡು ಬಂದಿದ್ದರೆ ಆಗುತ್ತಿತ್ತು ಎಂಬ ಮಾತನ್ನು ಬೋರ್ಡಕ್ಕನೇ ಎಷ್ಟು ತಾಯಂದಿರಿಗೆ ಹೇಳಿದ್ದಳೋ. ಆ ತಾಯಂದಿರಾದರೂ ದೂರದ ಊರಿನವರು, ಬಸ್ಸಿಲ್ಲದವರು, ತಿಳಿಯದವರು.

"ನಿಮ್ಮ ಅಧ್ಯಯನದಲ್ಲಿ ಸೇರಿಸ್ಕೊಳ್ಳೋಕಾಗಲ್ವಾ ಮೇಡಂ? ಏನೋ ಹೊಸದು ಮಾಡ್ತಾ ಇದ್ದೀರಂತಲ್ಲ."

"ಅದು ಏಳು ವರ್ಷದೊಳಗಿನವರಿಗೆ. ಇವಳಿಗೆ ವಯಸ್ಸು ದಾಟಿದೆ." ಮೇಡಂ ಅವಳ ಮುಖ ನೋಡದೆ ಗಾಜುಗಳನ್ನು ಪೆಟ್ಟಿಗೆಯಲ್ಲಿ ಜೋಡಿಸತೊಡಗಿದರು. "ಆದ್ರೂ ಕನ್ನಡಕ ಹಾಕಿಸಿ, ಒಳ್ಳೇ ಕಣ್ಣಿಗೆ ಪಟ್ಟಿ ಹಾಕಿ, ಸೋಮಾರಿ ಕಣ್ಣಿಗೆ ಕೆಲಸ ಕೊಟ್ಟು ನೋಡೋಣ. ಒಬ್ಬೊಬ್ಬರಿಗೆ ಒಂಚೂರು ಬರುತ್ತೆ. ಆಸೆ ಜಾಸ್ತಿ ಇಟ್ಕೋಬೇಡ."

ಕನ್ನಡಕವನ್ನು ಅಪ್ಪನೇ ಮಾಡಿದ. ಎಡಗಡೆಯ ಗಾಜಿನ ದಪ್ಪ ಕಾಣಬಾರದೆಂದು ಅಂಚನ್ನು ಉಜ್ಜಿ ಉಜ್ಜಿ, ಎರಡು ಗಾಜು ಒಡೆದು, ಮೂರನೆಯದನ್ನು ಮನೆಗೆ ತಂದ. ತಂದವನು ಊಟಕ್ಕೆ ಕೂರಲಿಲ್ಲ. "ಅಷ್ಟೂ ಜನರ ಕನ್ನಡಕ ಮಾಡ್ತೀನಿ, ನನ್ನ ಮಗಳ ಕಣ್ಣಿಗೆ ಒಂದು ದಿನ ಗಾಜು ಹಿಡಿದು ನೋಡ್ಲಿಲ್ಲ ಕಣೇ," ಎಂದ. ಈಗ ಇವರ ಜೊತೆಗೇ ಇದ್ದ ಅತ್ತೆಗೆ ಅದನ್ನು ಕೇಳಿ ರೇಗಿತು.

"ಅವನ್ಯಾಕೆ ನೋಡ್ಬೇಕು? ದಿನಾ ಕೋಲು ಹಿಡ್ಕೊಂಡು ನಿಲ್ಲೋಳು ಇವಳು. ಬಂದೋರ ಕಳ್ಳಾಟ ಎಲ್ಲ ಹಿಡೀತೀನಿ ಅಂತ ಜಂಬ ಕೊಚ್ತಿದ್ದೆಯಲ್ಲಮ್ಮ, ಹಿಡಿದೆಯಾ?"

"ಇಲ್ಲ ಅತ್ತೆ, ಹಿಡೀಲಿಲ್ಲ," ಎಂದಳು ಬೋರ್ಡಕ್ಕ.

ಅತ್ತೆ ಜಗಳಕ್ಕೆ ಸಿದ್ಧರಾಗಿ ಬಂದಿದ್ದರು. ಎದುರು ಮಾತೇ ಬರದಿದ್ದಾಗ ಏನು ಮಾಡಬೇಕೋ ತೋಚದೆ ಸೆರಗಿನಿಂದ ಮೂಗೊರೆಸಿಕೊಂಡು ಒಳಗೆ ಹೋದರು.

ಬಲಗಣ್ಣಿಗೆ ಪಟ್ಟಿ ಬಿತ್ತು. ಬೆಳಿಗ್ಗೆ ಹಾಕಿದರೆ ಸಂಜೆ ದೀಪ ಹಚ್ಚುವವರೆಗೆ ತೆಗೆಯುವಂತಿಲ್ಲ. ಕಥೆಪುಸ್ತಕ ಹಿಡಿದರೆ ಊಟದ ತಟ್ಟೆ ಆರಿದರೂ ಏಳದಿದ್ದ ಹುಡುಗಿ ಈಗ ತಟ್ಟೆಯಲ್ಲಿ ಏನಿದೆ ಎಂದು ಮುಟ್ಟಿ ನೋಡಬೇಕಾಯಿತು. ಶಾಲೆಯಲ್ಲಿ ಅವಳಿಗೆ ಕಡಲ್ಗಳ್ಳಿ ಎಂದು ಹೆಸರಿಟ್ಟರು. ಮೆಟ್ಟಿಲು ತಪ್ಪಿ ಮೊಣಕಾಲು ತರಚಿಕೊಂಡು ಬಂದಳು. ಗಣಿತದ ಟೀಚರು, ಇವಳ ಅಂಕಿ ಒಂದರ ಮೇಲೊಂದು ಹತ್ತಿ ಕೂತಿವೆ ಎಂದು ಹೇಳಿ ಕಳಿಸಿದರು. "ಇವತ್ತೊಂದು ದಿನ ಬೇಡ ಅಮ್ಮಾ," ಎಂದು ದಿನಾ ಬೆಳಿಗ್ಗೆ ಗೋಗರೆಯುತ್ತಿದ್ದಳು. ದಿನಾ ಬೋರ್ಡಕ್ಕ ಅವಳ ತಲೆಯನ್ನು ಎದೆಗೊತ್ತಿಕೊಂಡು, ಇನ್ನೊಂದು ಕೈಯಲ್ಲಿ ಪಟ್ಟಿ ಅಂಟಿಸುತ್ತಿದ್ದಳು. ಅಂಟು ಎಳೆದೆಳೆದು ಹುಬ್ಬಿನ ಕೂದಲು ಕಿತ್ತು ಬಂದಾಗ ಅಲ್ಲಿಗೆ ಎಣ್ಣೆ ಹಚ್ಚುತ್ತಿದ್ದಳು.

ಒಂದು ಭಾನುವಾರ ಅತ್ತೆ, "ಕೊಡಿಲ್ಲಿ, ಅದೇನು ಅಂಥ ಕಷ್ಟ ನೋಡೇಬಿಡ್ತೀನಿ," ಎಂದು ತಾವೂ ಒಂದು ಪಟ್ಟಿ ಅಂಟಿಸಿಕೊಂಡರು. ಅಡುಗೆಮನೆಗೆ ಹೊರಟವರು ಬಾಗಿಲ ಚೌಕಟ್ಟಿಗೆ ಭುಜ ಹೊಡೆದುಕೊಂಡು, "ಯಾರು ಇದನ್ನ ಇಲ್ಲಿ ತಂದಿಟ್ಟಿದ್ದು?" ಎಂದು ಕೂಗಿದರು. ಹುಡುಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಪಟ್ಟಿ ಬಿದ್ದ ಮೇಲೆ ಆ ಮನೆಯಲ್ಲಿ ಯಾರಾದರೂ ಹಾಗೆ ನಕ್ಕದ್ದು ಅದೊಂದೇ ಸಲ.

ಪ್ರತಿ ತಿಂಗಳೂ ಮೂರನೇ ಮಹಡಿಯ ಪರದೆಯ ಮುಂದೆ ಪರೀಕ್ಷೆ. ಮೊದಲ ಸಲ ದೊಡ್ಡ ಅಕ್ಷರ ಮಾತ್ರ ಕಂಡಿತು. ಆಮೇಲೆ ಅದರ ಕೆಳಗಿನ ಸಾಲು. ಆ ದಿನ ಬೋರ್ಡಕ್ಕ ಮೆಟ್ಟಿಲನ್ನು ಓಡುತ್ತಲೇ ಇಳಿದು ಗಂಡನಿಗೆ ಹೇಳಿ ಬಂದಳು. ಅಲ್ಲಿಂದ ಮುಂದೆ ಏನೂ ಇಲ್ಲ. ತಿಂಗಳುಗಳು ಹೋದವು, ಮಳೆಗಾಲ ಹೋಯಿತು, ಅಕ್ಷರ ಅಲ್ಲೇ ನಿಂತಿತು. ಉದ್ದ ಡಾಕ್ಟರು ಪ್ರತಿ ಸಲವೂ "ಪರವಾಗಿಲ್ಲ ಅಕ್ಕ" ಎನ್ನುತ್ತಿದ್ದ. ಅವನು ಆ ಮಾತು ಹೇಳುವಾಗ ಪರದೆಯನ್ನು ಒರೆಸುವುದನ್ನು ಅವಳು ಗಮನಿಸಿದಳು.

ಆಮೇಲೊಂದು ತಿಂಗಳು ಹುಡುಗಿ ಮೂರನೇ ಸಾಲು ಓದಿದಳು. ತಡವರಿಸುತ್ತ, ಒಂದೆರಡು ತಪ್ಪಿ, ಆದರೂ ಓದಿದಳು. ಮುಂದಿನ ಸಲ ನಾಲ್ಕನೆಯದು. ಅತ್ತೆ ಅಕ್ಕಪಕ್ಕದ ಮನೆಗಳಿಗೆಲ್ಲ ಸುದ್ದಿ ಮುಟ್ಟಿಸಿದರು. ಗಂಡ ಸಣ್ಣಗೆ ಹಾಡಿಕೊಳ್ಳುತ್ತ ಕೆಲಸಕ್ಕೆ ಹೋದ. ಮಗಳಿಗೆ ತಲೆ ಬಾಚುವಾಗ ತನಗೇ ತಿಳಿಯದೆ ನಗು ಬರುತ್ತಿರುವುದು ಕನ್ನಡಿಯಲ್ಲಿ ಬೋರ್ಡಕ್ಕನಿಗೆ ಕಂಡಿತು.

ಅದರ ಮುಂದಿನ ತಿಂಗಳು ಮೇಡಂ ಕೂಡ ನೋಡಲು ಬಂದು ನಿಂತರು. ಪರದೆಯ ಮೇಲೆ ಸಾಲು ಮೂಡಿತು. ಹುಡುಗಿ ಗಲ್ಲವನ್ನು ತುಸು ಮೇಲಕ್ಕೆತ್ತಿ, ಮುಖವನ್ನು ಬಲಕ್ಕೆ ಒಂಚೂರು ಹೊರಳಿಸಿ ಓದತೊಡಗಿದಳು. ಉದ್ದ ಡಾಕ್ಟರನ ಮುಖ ಅರಳಿತು. "ಐದನೇ ಸಾಲು ಮೇಡಂ!"

ಪಟ್ಟಿಯ ಕೆಳ ಅಂಚು ಮೂಗಿನ ಪಕ್ಕದಲ್ಲಿ ಬಿಟ್ಟುಕೊಂಡಿತ್ತು, ಒಂದು ಕಡ್ಡಿ ತೂರುವಷ್ಟು. ಮೇಡಂ ಪರದೆಯ ಕಡೆ ನೋಡುತ್ತಿದ್ದರು. ಉದ್ದ ಡಾಕ್ಟರೂ ಅಷ್ಟೇ. ಮಗುವಿನ ಮುಖ ನೋಡುತ್ತಿದ್ದವಳು ತಾಯಿ ಒಬ್ಬಳೇ. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಸಂಜೆ ಮನೆಯಲ್ಲಿ ಸಂತೋಷವಿರುತ್ತಿತ್ತು. ಇನ್ನೊಂದು ತಿಂಗಳು, ಮತ್ತೊಂದು ತಿಂಗಳು. ಬೋರ್ಡಕ್ಕ ಮುಂದೆ ಹೋಗಿ ಮಗಳ ಮೂಗಿನ ಪಕ್ಕದಲ್ಲಿ ಹೆಬ್ಬೆರಳಿಟ್ಟು ಪಟ್ಟಿಯ ಅಂಚನ್ನು ಒತ್ತಿ ಹಿಡಿದಳು.

"ಈಗ ಹೇಳು ಮರಿ."

ಹುಡುಗಿಗೆ ಓದಲಾಗಲಿಲ್ಲ. ಉದ್ದ ಡಾಕ್ಟರು ಒಂದು ಸಾಲು ಹಿಂದೆ ಹೋದ. ಇನ್ನೊಂದು ಸಾಲು ಹಿಂದೆ ಹೋದ. ದೊಡ್ಡ ಅಕ್ಷರದ ಕೆಳಗಿನ ಸಾಲಿಗೆ ಬಂದಾಗ ಹುಡುಗಿ ಸರಿಯಾಗಿ ಹೇಳಿದಳು. ಹೆಬ್ಬೆರಳ ಕೆಳಗೆ ಪಟ್ಟಿ ಒದ್ದೆಯಾಗತೊಡಗಿತು.

"ಯಾಕೆ ಹೀಗೆ ಮಾಡ್ದೆ ಮರಿ?"

"ಆವತ್ತು ಒಂದು ಸಲ ಅಂಚು ತಾನಾಗೇ ಬಿಟ್ಕೊಂಡಿತ್ತು. ಓದ್ದೆ. ನೀನು ನಕ್ಕೆ." ಅವಳು ಬಿಕ್ಕಿದಳು. "ನೀನು ಎಷ್ಟೋ ದಿನದಿಂದ ನಕ್ಕೇ ಇರ್ಲಿಲ್ಲ."

ಬೋರ್ಡಕ್ಕ ಬೆರಳು ತೆಗೆಯಲಿಲ್ಲ. ಮೇಡಂ ಬಂದು ಆ ಕೈಯನ್ನು ಮೆಲ್ಲಗೆ ಬಿಡಿಸಿ, ಪಟ್ಟಿಯನ್ನು ತಾವೇ ಎಳೆದು ತೆಗೆದರು.

"ಸಾಕಮ್ಮ. ಇನ್ನು ಇದು ಬರೀ ಹಿಂಸೆ. ನಿಲ್ಲಿಸೋಣ."

"ಇನ್ನೊಂದು ನಾಲ್ಕು ತಿಂಗಳು..."

"ನಿಂಗೇ ಗೊತ್ತು."

ಗೊತ್ತಿತ್ತು. ಎಡಗಣ್ಣಿಗೆ ಬಂದದ್ದು ಆ ಎರಡು ಸಾಲು ಮಾತ್ರ. ಅದೂ ನಿಲ್ಲುವುದೋ ಇಲ್ಲವೋ. ಹೊರಡುವಾಗ ಮೇಡಂ ಬಾಗಿಲವರೆಗೆ ಬಂದು, "ಇನ್ನು ಇವಳಿಗೆ ಇರೋದು ಬಲಗಣ್ಣೊಂದೇ ಅಂತ ತಿಳ್ಕೋ. ಅದಕ್ಕೇನೂ ಆಗ್ದಂಗೆ ನೋಡ್ಕೋ. ಕನ್ನಡಕ ಯಾವಾಗ್ಲೂ ಇರ್ಲಿ, ಏಟು ತಪ್ಪಿಸೋಕೆ," ಎಂದರು. ಹುಡುಗಿ ಮಾತ್ರ ಆಗಲೇ ಮೆಟ್ಟಿಲನ್ನು ಎರಡೆರಡಾಗಿ ಇಳಿಯುತ್ತಿದ್ದಳು.

"ಅಮ್ಮಾ, ನಾಳೆ ನಿಜವಾಗ್ಲೂ ಪಟ್ಟಿ ಇಲ್ವಾ?"

"ಇಲ್ಲ."

"ನಾಡಿದ್ದು?"

"ಯಾವತ್ತೂ ಇಲ್ಲ."

"ಅಬ್ಬಾ!" ಎಂದು ಅವಳು ಕೊನೆಯ ಮೆಟ್ಟಿಲಿಂದ ನೆಗೆದಳು.

ಮನೆಯಲ್ಲಿ ಹುಡುಗಿ ಎರಡೂ ಕಣ್ಣು ಬಿಟ್ಟುಕೊಂಡು ಕಥೆಪುಸ್ತಕದ ಮೇಲೆ ಬಿದ್ದಳು. ಅತ್ತೆ ಸೊಸೆಯ ಮುಖ ನೋಡಿ ಒಂದು ಲೋಟ ಚಹಾ ತಂದು ಪಕ್ಕದಲ್ಲಿಟ್ಟರು. ಗಂಡ ಬಂದ, ತಿಳಿದುಕೊಂಡ, ಬಾವಿಗೆ ಇಣುಕುವವನಂತೆ ತನ್ನ ಎರಡು ಅಂಗೈಗಳನ್ನು ನೋಡುತ್ತ ಕೂತ. ಬೋರ್ಡಕ್ಕ ಚಹಾ ಕುಡಿದು ಎದ್ದಳು. ಮೊದಲು ಜ್ಯಾಮಿಟ್ರಿ ಡಬ್ಬಿಯಿಂದ ಕೈವಾರ ತೆಗೆದು ಬೀರುವಿನ ಮೇಲಿಟ್ಟಳು. ಕತ್ತರಿ ಎತ್ತಿಟ್ಟಳು. ಅತ್ತೆಯ ಹೆಣಿಗೆ ಕಡ್ಡಿಗಳನ್ನು ಬಟ್ಟೆಯಲ್ಲಿ ಸುತ್ತಿದಳು. ಕಪಾಟಿನ ಮೂಲೆ ಸರಿಯಾಗಿ ಮಗಳ ಮುಖದ ಎತ್ತರಕ್ಕಿರುವುದು ಇಷ್ಟು ದಿನ ಕಂಡಿರಲಿಲ್ಲ. ಅದಕ್ಕೆ ಚಿಂದಿ ಕಟ್ಟಿದಳು. ಬಟ್ಟೆ ಒಣಗಿಸುವ ತಂತಿಯ ತುದಿ ಮಡಿಸಲು ಇಕ್ಕಳ ಹುಡುಕಿದಳು. ಕಿಟಕಿಯ ಚಿಲಕ, ಬಾಗಿಲ ಮೊಳೆ, ಛತ್ರಿಯ ಕಡ್ಡಿ. ಒಂದನ್ನು ಮುಗಿಸಿದರೆ ಇನ್ನೊಂದು ಕಾಣುತ್ತಿತ್ತು.

ಮರುದಿನ ಶಾಲೆಗೆ ಬಿಡಲು ಹೊರಟಾಗ ಅವಳು ಮಗಳ ಕೈಯಿಂದ ಪೆನ್ಸಿಲ್ ಕಿತ್ತುಕೊಂಡು ಬ್ಯಾಗಿಗೆ ಹಾಕಿದಳು. ಗೇಟಿನ ಹತ್ತಿರ ಬಾಗಿದ್ದ ಒಣ ಕೊಂಬೆಯನ್ನು ಮುರಿದಳು. ದಾರಿಯಲ್ಲಿ ಚೆಂಡಾಡುತ್ತಿದ್ದ ಮಕ್ಕಳನ್ನು ಗದರಿಸಿ ಆಚೆಗಟ್ಟಿದಳು.

"ಅಮ್ಮಾ, ಈ ಬೀದೀನೆಲ್ಲ ಉಜ್ಜಿ ನುಣ್ಣಗೆ ಮಾಡ್ತೀಯಾ ಹೇಗೆ?" ಎಂದು ಮಗಳು ನಗುತ್ತ ಕೇಳಿದಳು.

ಎದುರಿನಿಂದ ಒಬ್ಬ ಹೆಗಲ ಮೇಲೆ ಕಬ್ಬಿಣದ ಸರಳುಗಳ ಕಟ್ಟು ಹೊತ್ತು ಬರುತ್ತಿದ್ದ. ಅವನು ಒಂದೊಂದು ಹೆಜ್ಜೆ ಇಟ್ಟಾಗಲೂ ಸರಳಿನ ತುದಿಗಳು ಮೇಲೆ ಕೆಳಗೆ ಕುಣಿಯುತ್ತಿದ್ದವು. ಬೋರ್ಡಕ್ಕ ಮಗಳ ತಲೆಯನ್ನು ತನ್ನ ಕಡೆಗೆ ಎಳೆದುಕೊಂಡು, ಅವನು ದಾಟಿಹೋಗುವವರೆಗೂ ಅಂಗೈಯಿಂದ ಅವಳ ಬಲಗಣ್ಣನ್ನು ಮುಚ್ಚಿ ಹಿಡಿದು ನಿಂತಳು.